ವ್ಯೂ ಸಿಗದಿದ್ರೆ ದುಡ್ಡು ವಾಪಸ್ಸಾ?

"ಮೇಡಂ, ಮೇಲೆ ಹೋದಾಗ ಮಂಜು ಇದ್ರೆ ದುಡ್ಡು ವಾಪಸ್ ಕೊಡ್ತೀರಾ?"

ಫೋನಿನಲ್ಲಿ ಕೇಳಿದ ಹುಡುಗ ತಮಾಷೆ ಮಾಡುತ್ತಿಲ್ಲ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ನವೆಂಬರ್ ಕೊನೆಯ ವಾರ, ಶುಕ್ರವಾರ ಸಂಜೆ. ಬೆಂಗಳೂರಿನವನು. ಎಂಟು ಜನ ಬರುತ್ತಾರೆ, ಭಾನುವಾರ ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತಬೇಕು. ಮೊದಲೇ ಒಂದು ಫೋಟೊ ಕಳಿಸಿದ್ದ. ಕೆಳಗೆಲ್ಲ ಹತ್ತಿಯ ಹಾಗೆ ಮೋಡ, ಮೇಲೆ ಬಂಡೆಯ ತುದಿಯಲ್ಲಿ ಕೈ ಚಾಚಿ ನಿಂತ ಹುಡುಗಿ. "ನಮಗೆ ಇದೇ ಬೇಕು" ಅಂದ. ಹೋಟೆಲಿನಲ್ಲಿ ಪಕ್ಕದ ಟೇಬಲ್ ಕಡೆ ಕೈ ತೋರಿಸಿ "ನಂಗೂ ಅದೇ ಕೊಡಿ" ಅನ್ನುತ್ತಾರಲ್ಲ, ಹಾಗೆ.

"ಅದು ಬಂದ್ರೆ ಬಂತು, ಇಲ್ಲದಿದ್ರೆ ಇಲ್ಲ" ಅಂದೆ.

"ಹಾಗಾದ್ರೆ ನಿಮಗೆ ದುಡ್ಡು ಯಾಕೆ ಕೊಡೋದು?"

ನ್ಯಾಯವಾದ ಪ್ರಶ್ನೆಯೇ. ದಾರಿ ತೋರಿಸೋದಕ್ಕೆ ಅಂದೆ. ಅದೂ ಪೂರ್ತಿ ನಿಜ ಅಲ್ಲ. ತಡಿಯಂಡಮೋಳ್‌ಗೆ ದಾರಿ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿದೆ. ಬಿಸಿಲಿರುವ ದಿನ ಎಂಟನೇ ಕ್ಲಾಸಿನ ನನ್ನ ಮಗಳು ಒಬ್ಬಳೇ ಹೋಗಿ ಬಂದಾಳು.

ಫೋನಿಟ್ಟ ಮೇಲೆ ಯಜಮಾನರು ಕೇಳಿದರು, "ಏನಂತೆ?" "ಮಂಜಿಗೆ ಗ್ಯಾರಂಟಿ ಕಾರ್ಡ್ ಬೇಕಂತೆ" ಅಂದೆ.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ವಾರದ ದಿನ ನಾನು ಪ್ರೈಮರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಹೆಸರು ಅತಿಥಿ, ಸಂಬಳ ಬರುವುದೂ ಅತಿಥಿಯ ಹಾಗೆಯೇ, ಯಾವಾಗಲೋ ಒಮ್ಮೆ. ಶನಿವಾರ ಮಧ್ಯಾಹ್ನದ ಮೇಲೆ, ಭಾನುವಾರ, ರಜಾ ದಿನಗಳಲ್ಲಿ ಗೈಡ್. ಶುರುವಾದದ್ದು 2013ರ ಕೊನೆಗೆ. ಕಕ್ಕಬ್ಬೆ ಹತ್ತಿರದ ಒಂದು ಹೋಮ್‌ಸ್ಟೇಗೆ ಮೈಸೂರಿನಿಂದ ಹೆಂಗಸರ ಗುಂಪು ಬಂದಿತ್ತು. ನಮ್ಮ ಜೊತೆ ಹೆಂಗಸೇ ಬರಬೇಕು ಅಂದರಂತೆ. ಹೋಮ್‌ಸ್ಟೇಯ ಅಕ್ಕ ನಮ್ಮ ಮನೆಗೆ ಬಂದು "ನೀನು ಚಿಕ್ಕವಳಿದ್ದಾಗ ದನ ಹುಡುಕಿಕೊಂಡು ಅಲ್ಲೆಲ್ಲ ಹೋಗ್ತಿದ್ದೆ ಅಲ್ವಾ?" ಅಂದರು. ಅಷ್ಟೇ ನನ್ನ ಅರ್ಹತೆ. ಈಗಲೂ ಗುಂಪಿನವರು ಗಾಡಿಯಿಂದ ಇಳಿದು ನನ್ನ ಮುಂದೆಯೇ ನಿಂತು "ಗೈಡ್ ಎಲ್ಲಿ?" ಅನ್ನುತ್ತಾರೆ. ನಾನೇ ಅಂದರೆ ಕೈಯಲ್ಲಿರುವ ಛತ್ರಿ ನೋಡುತ್ತಾರೆ.

ನೂರು ಪುಟದ ಒಂದು ನೋಟ್ ಪುಸ್ತಕ ಇಟ್ಟುಕೊಂಡಿದ್ದೇನೆ. ತಾರೀಕು, ಎಷ್ಟು ಜನ, ಹೊರಟ ಹೊತ್ತು, ಬಂದ ಹೊತ್ತು, ಮೇಲೆ ಏನು ಕಂಡಿತು. ಕೊನೆಯ ಕಾಲಮಿನಲ್ಲಿ "ಮಂಜು" ಅಂತ ಬರೆದೂ ಬರೆದೂ ಈಗ ಬರೀ "ಮ" ಅಂತ ಬರೆಯುತ್ತೇನೆ. ತುದಿಯಿಂದ ಪಶ್ಚಿಮಕ್ಕೆ ಅರಬ್ಬಿ ಸಮುದ್ರ ಕಾಣುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ, ಕಾಣುತ್ತದೆ. ಇಷ್ಟು ವರ್ಷದಲ್ಲಿ ನನಗೆ ಕಂಡದ್ದು 14 ಸಲ. ಅದೂ ಕಡಲು ಅಂತ ಹೇಳಿಕೊಟ್ಟರೆ ಮಾತ್ರ ಗೊತ್ತಾಗುವ ಒಂದು ಬೆಳ್ಳಿ ಗೆರೆ.

ಆ ಭಾನುವಾರಕ್ಕೆ ಬರೋಣ.

ಬೆಳಗ್ಗೆ ಆರೂವರೆಗೆ ನಾಲ್ಕುನಾಡು ಅರಮನೆ ಹತ್ತಿರ ಇರಿ ಅಂದಿದ್ದೆ. ಬಂದದ್ದು ಎಂಟಕ್ಕೆ ಹತ್ತು ನಿಮಿಷ ಇರುವಾಗ. ಕಾಯುವಾಗ ನಾನೂ ನಮ್ಮ ದೊಡ್ಡಮ್ಮನ ಮಗ ಹರಿಯೂ ಅರಮನೆ ಜಗಲಿಯಲ್ಲಿ ಕೂತಿದ್ದೆವು. ಅರಮನೆ ಅಂದರೆ ಮೈಸೂರಿನದರ ಹಾಗೆ ಅಂದುಕೊಂಡು ಬಂದವರಿಗೆ ನಿರಾಸೆ. ಹೆಂಚಿನ ಮಾಡು, ಮರದ ಕಂಬ, ಎರಡು ಅಂತಸ್ತು, ಗೋಡೆಯಲ್ಲಿ ಮಾಸಿದ ಚಿತ್ರಗಳು. ಕೊಡಗಿನ ರಾಜ ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ್ದು. 1834ರಲ್ಲಿ ಬ್ರಿಟಿಷರು ಬಂದಾಗ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಬಂದು ಸೇರಿಕೊಂಡದ್ದು ಇಲ್ಲಿಗೇ. ಬೆನ್ನಿಗೆ ಬೆಟ್ಟ, ಸುತ್ತ ಕಾಡು. ಅಡಗಲು ಇದಕ್ಕಿಂತ ಒಳ್ಳೆ ಜಾಗ ಸಿಗುವುದು ಕಷ್ಟ.

ಎಂಟು ಜನ ಇಳಿದರು. ಏಳು ಜನ ಮೂವತ್ತರ ಆಸುಪಾಸು. ಎಂಟನೆಯವರು ಫೋನ್ ಮಾಡಿದ ಹುಡುಗನ ತಾಯಿ. ಅರವತ್ತು ದಾಟಿದವರು, ಚೂಡಿದಾರ, ಕಾಲಿಗೆ ಮಗಳದ್ದೋ ಸೊಸೆಯದ್ದೋ ಇರಬೇಕು, ಒಂದು ಸೈಜ್ ದೊಡ್ಡದಾದ ಶೂ. ಅವರ ವಿಷಯ ಫೋನಿನಲ್ಲಿ ಹೇಳಿರಲಿಲ್ಲ.

ನಾನು ಮುಖ ನೋಡುವ ಮೊದಲು ಕಾಲು ನೋಡುತ್ತೇನೆ. ಶೂ ಎತ್ತಿ ಅಡಿ ತೋರಿಸಿ ಅನ್ನುತ್ತೇನೆ, ಲಾಳ ಕಟ್ಟುವವರ ಹಾಗೆ. ನಮ್ಮ ಹುಡುಗನದ್ದು ಬಿಳಿ ಶೂ, ಅಡಿ ನುಣ್ಣಗೆ, ಚಪಾತಿ ಲಟ್ಟಿಸಬಹುದು. "ಇದು ಆರು ಸಾವಿರದ್ದು ಮೇಡಂ" ಅಂದ. ಆರು ಸಾವಿರದ್ದಾದರೂ ಒದ್ದೆ ಹುಲ್ಲಿನ ಮೇಲೆ ಜಾರದೇ ಇರುವುದಿಲ್ಲ. ಆಮೇಲೆ ನೀರು, ಆಮೇಲೆ ಪ್ಲಾಸ್ಟಿಕ್. ಯಾರ ಚೀಲದಲ್ಲಿ ಎಷ್ಟು ಬಾಟಲಿ, ಎಷ್ಟು ಚಿಪ್ಸ್ ಪ್ಯಾಕೆಟ್ ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಬರುವಾಗ ಅಷ್ಟೇ ಇರಬೇಕು. ದೊಡ್ಡ ಕಂಪನಿಯ ಮ್ಯಾನೇಜರುಗಳೂ ಈ ಲೆಕ್ಕ ಕೊಡುವಾಗ ಮಕ್ಕಳ ಹಾಗೆ ಕೈ ಕಟ್ಟಿ ನಿಲ್ಲುತ್ತಾರೆ. ಟೀಚರ್ ಧ್ವನಿಗೆ ಒಂದು ಉಪಯೋಗ ಇದೆ.

ಅರಮನೆಯಿಂದ ಮೇಲೆ ತೋಟಗಳ ನಡುವೆ ರಸ್ತೆ. ಮೊದಲ ಏರು ಇಲ್ಲೇ ಶುರು, ಇಲ್ಲೇ ಅರ್ಧ ಜನರ ಉತ್ಸಾಹ ಇಳಿಯುವುದು. ಕಾಫಿ ಹಣ್ಣಾಗಿತ್ತು, ಅರೇಬಿಕ ಕೊಯ್ಲು ನಡೆಯುತ್ತಿತ್ತು. ಒಂದು ಕಡೆ ಆನೆ ಲದ್ದಿ ಬಿದ್ದಿತ್ತು. ಹರಿ ಕಾಲಿನಿಂದ ಒಡೆದು ನೋಡಿ, ಒಣಗಿದೆ, ನಿನ್ನೆಯದ್ದು ಅಂದ. ಹಸಿ ಇದ್ದಿದ್ದರೆ ಅಲ್ಲೇ ಒಂದು ಗಂಟೆ ಕೂರಿಸುತ್ತಿದ್ದೆ, ಯಾರು ಏನೇ ಅನ್ನಲಿ.

ಆ ಅಮ್ಮನ ಪಕ್ಕದಲ್ಲೇ ನಡೆಯುತ್ತಿದ್ದೆ. ಹತ್ತುವವರಿಗೆ "ಸುಸ್ತಾಯ್ತಾ?" ಅಂತ ಕೇಳಿ ಪ್ರಯೋಜನ ಇಲ್ಲ. ಯಾರೂ ಹೌದು ಅನ್ನುವುದಿಲ್ಲ. ಹೆಂಗಸರಂತೂ ಇಲ್ಲವೇ ಇಲ್ಲ, ಎಲ್ಲರಿಗೂ ತೊಂದರೆ ಆಗುತ್ತದೆ ಅಂತ ನುಂಗಿಕೊಳ್ಳುತ್ತಾರೆ. ಅದಕ್ಕೆ ನಾನು ಅಡುಗೆ ಕೇಳುತ್ತೇನೆ. ಉದ್ದ ಉತ್ತರ ಬೇಕಾಗುವ ಅಡುಗೆ. ಪೂರ್ತಿ ವಾಕ್ಯದಲ್ಲಿ ಹೇಳುತ್ತಿದ್ದರೆ ಉಸಿರು ಸರಿ ಇದೆ. ಎರಡೆರಡೇ ಪದ ಬಂದರೆ ನಿಧಾನ ಮಾಡಬೇಕು. ಬರೀ "ಹೂಂ" ಅಂದರೆ ಕೂರಿಸಬೇಕು. ಇದು ನನ್ನ ಮೀಟರ್.

"ಅಮ್ಮಾ, ನಿಮ್ಮಲ್ಲಿ ಸಾರಿನ ಪುಡಿ ಹೇಗೆ ಮಾಡ್ತೀರಿ?"

"ಅಯ್ಯೋ ಅದೇನು ದೊಡ್ಡದಾ? ಮೊದ್ಲು ಧನಿಯ ಹುರ್ಕೋಬೇಕು, ಬೇರೆಯಾಗೇ ಹುರೀಬೇಕು ನೋಡಿ, ಮೆಣಸಿನಕಾಯಿ ಜೊತೆ ಹಾಕಿದ್ರೆ ಸೀದು ಹೋಗುತ್ತೆ…" ಚೆಕ್‌ಪೋಸ್ಟ್ ತನಕ ಧನಿಯ, ಮೆಣಸಿನಕಾಯಿ, ಜೀರಿಗೆ ಆಯಿತು. ಟಿಕೆಟ್ ತೋರಿಸಿ ಮುಂದೆ ಹೋದೆವು. ಕಲ್ಲು ದಾರಿ ಶುರುವಾದ ಮೇಲೆ "ಮೆಂತ್ಯ… ಸ್ವಲ್ಪ… ಸಾಸಿವೆ…" ಅಷ್ಟಕ್ಕೆ ಬಂತು. ದೊಡ್ಡ ಬಂಡೆ ಇನ್ನೊಂದು ತಿರುವು ಇರುವಾಗ ಸಾರಿನ ಪುಡಿ ಪೂರ್ತಿ ನಿಂತಿತು.

ದೊಡ್ಡ ಬಂಡೆ ಅಂದರೆ ಎಲ್ಲರೂ ಕೂರುವ ಜಾಗ. ಕೆಳಗೆ ಕಣಿವೆ, ಎದುರಿಗೆ ಬೆಟ್ಟದ ತುದಿ. ಇಲ್ಲಿಂದ ತುದಿ ಹತ್ತಿರ ಕಾಣುತ್ತದೆ, ಆದರೆ ಹತ್ತಿರ ಇಲ್ಲ. ಹುಲ್ಲಿನ ಇಳಿಜಾರು ದಾಟಿ, ಕೊನೆಗೆ ಶೋಲಾ ಅನ್ನುವ ಕುಳ್ಳ ಮರಗಳ ದಟ್ಟ ಕಾಡಿನೊಳಗೆ ಬೇರು ಹಿಡಿದು ಹತ್ತುವ ಒಂದು ಕಡಿದಾದ ಏರಿದೆ. ತುದಿ 1,748 ಮೀಟರ್. ಕೊಡಗಿನಲ್ಲಿ ಇದಕ್ಕಿಂತ ಎತ್ತರದ ಜಾಗ ಇಲ್ಲ.

"ನಾನು ಇಲ್ಲೇ ಇರ್ತೀನಪ್ಪ" ಅಂದರು ಆ ಅಮ್ಮ.

ಮಗ ಒಪ್ಪಲಿಲ್ಲ. "ಇಷ್ಟು ದೂರ ಬಂದು? ಇನ್ನು ಸ್ವಲ್ಪ ಅಷ್ಟೇ ಅಮ್ಮ. ಮೇಡಂ, ಸ್ವಲ್ಪ ಅಷ್ಟೇ ಅಲ್ವಾ?" ನನ್ನ ಕಡೆ ನೋಡಿದ. ಹೌದು ಅನ್ನಲಿ ಅಂತ.

"ಸ್ವಲ್ಪ ಅಲ್ಲ" ಅಂದೆ. "ಹತ್ತಿದ್ರೂ ಇಳಿಯುವಾಗ ಅವರ ಮೊಣಕಾಲು ಮಾತಾಡುತ್ತೆ. ಹರಿ ಇಲ್ಲೇ ಅವರ ಜೊತೆ ಇರ್ತಾನೆ."

ಅವನ ಮುಖ ಸಪ್ಪೆ ಆಯಿತು. ಅಮ್ಮನಿಗೆ ಬೆಟ್ಟ ತೋರಿಸಬೇಕು ಅಂತಲೇ ಕರೆದುಕೊಂಡು ಬಂದಿದ್ದ ಅಂತ ಆಗ ಗೊತ್ತಾಯಿತು. ಅಪ್ಪ ತೀರಿಕೊಂಡು ವರ್ಷ ಆಗಿತ್ತಂತೆ. ಫೋನಿನಲ್ಲಿ ಗ್ಯಾರಂಟಿ ಕೇಳಿದ್ದು ಯಾಕೆ ಅಂತ ಸ್ವಲ್ಪ ಅರ್ಥ ಆಯಿತು. ಆದರೂ ನನ್ನ ಮಾತು ಬದಲಿಸಲಿಲ್ಲ.

ಮಂಜಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಕೇಳುವುದು ಇದನ್ನೇ. ಆ ಫೋಟೊದ ಮೋಡದ ಸಮುದ್ರ ಇದೆಯಲ್ಲ, ಅದು ಚಳಿಗಾಲದ ಬೆಳಗ್ಗಿನ ಕೆಲಸ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಕಣಿವೆಗೆ ಇಳಿದು ಕೂರುತ್ತದೆ. ಮಂಜು ಅಲ್ಲೇ ಕೆಳಗೆ ತುಂಬಿಕೊಂಡಿರುತ್ತದೆ, ಬೆಟ್ಟದ ತಲೆ ಮಾತ್ರ ಹೊರಗೆ. ಬಿಸಿಲು ಏರಿದ ಮೇಲೆ ಅದೇ ಮಂಜು ಎದ್ದು ಬೆಟ್ಟದ ಮೈ ಹಿಡಿದು ಮೇಲೆ ಬರುತ್ತದೆ. ಇನ್ನೊಂದು ಕಡೆ ಕೇರಳದಿಂದ ಬಿಸಿ ಗಾಳಿ ಏರಿ ಬಂದು, ಮೇಲೆ ತಣ್ಣಗಾಗಿ ತುದಿಯ ಮೇಲೇ ಮೋಡವಾಗಿ ಕೂರುತ್ತದೆ. ಅಂದರೆ ಬೇಗ ಹೋದವರಿಗೆ ಸಮುದ್ರ, ತಡವಾದವರಿಗೆ ಗೋಡೆ. ಆರೂವರೆಗೆ ಬನ್ನಿ ಅನ್ನುವುದು ಸುಮ್ನೆ ಅಲ್ಲ. ಬೇಗ ಹೋದರೂ ಸಿಗದ ದಿನಗಳಿವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೇಳುವುದೇ ಬೇಡ. ಆಗ ಮೇಲೆ ಹೋಗಲು ಬಿಡುವುದೂ ಕಡಿಮೆ. ಬಿಟ್ಟರೂ ಜಿಗಣೆಗೆ ರಕ್ತ ಕೊಟ್ಟು ಬರಬೇಕು. ಕಾಲಿಗೆ ಸುಣ್ಣ, ಹೊಗೆಸೊಪ್ಪು ಏನೇ ಹಚ್ಚಿ, ಹತ್ತು ನಿಮಿಷದ ಮಳೆಗೆ ತೊಳೆದು ಹೋಗುತ್ತದೆ. ಇನ್ನು ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿಯ ಭಯ, ಅರಣ್ಯ ಇಲಾಖೆಯವರು ದಾರಿ ಮುಚ್ಚುತ್ತಾರೆ. ಉಳಿದದ್ದು ನಾಲ್ಕು ತಿಂಗಳು, ಅದರಲ್ಲಿ ಎಲ್ಲರಿಗೂ ಬೇಕಾದದ್ದು ಭಾನುವಾರ.

ನಾವು ಏಳು ಜನ ಮತ್ತು ನಾನು ಹೊರಟೆವು. ಕೊನೆಯ ಕಾಡಿನೊಳಗೆ ಹೋಗುವಾಗಲೇ ಗೊತ್ತಾಯಿತು. ಮರದ ಪಾಚಿಯಿಂದ ಹನಿ ಬೀಳುತ್ತಿತ್ತು, ಮಳೆ ಇರಲಿಲ್ಲ. ಮೋಡದ ಒಳಗೇ ನಡೆಯುತ್ತಿದ್ದೆವು. ಹೊರಗೆ ಬಂದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಬಿಳಿ. ನಾಲ್ಕು ದಿಕ್ಕಿಗೂ ಬಿಳಿ. ಮುಂದಿನವನ ಬೆನ್ನಿನ ಚೀಲ ಕಾಣುತ್ತಿತ್ತು, ಅವನ ಮುಂದಿನವನು ಇರಲಿಲ್ಲ.

"ಇದಾ?" ಅಂದ ನಮ್ಮ ಹುಡುಗ.

"ಇದೇ."

ಫೋನ್ ತೆಗೆದು ಮ್ಯಾಪ್ ನೋಡಿದ. ನನ್ನ ಮಾತಿನ ಮೇಲೆ ನಂಬಿಕೆ ಬರಲಿಲ್ಲ ಅನಿಸುತ್ತದೆ. ಆಮೇಲೆ ಏಳೂ ಜನ ಬಿಳಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಪಾಸ್‌ಪೋರ್ಟ್ ಸೈಜ್ ಫೋಟೊಗೆ ಹಿಂದೆ ಪರದೆ ಬಿಡುತ್ತಾರಲ್ಲ, ಹಾಗಿತ್ತು.

ಒಬ್ಬ ಹುಡುಗ ಪಶ್ಚಿಮದ ಅಂಚು ನೋಡಿ ಬರುತ್ತೇನೆ ಅಂತ ಹೊರಟ. "ನಿಲ್ಲಿ" ಅಂದೆ. ನನ್ನ ಧ್ವನಿ ಜೋರಾಗಿಯೇ ಇತ್ತು. ಹುಲ್ಲಿನ ಇಳಿಜಾರು ಮೋಸದ್ದು. ಮೊದಲು ಮೆಲ್ಲಗೆ ಬಾಗುತ್ತದೆ, ಎರಡು ಹೆಜ್ಜೆ ಮುಂದೆ ಹೋದರೆ ಇನ್ನೂ ಸ್ವಲ್ಪ ಬಾಗುತ್ತದೆ, ಎಲ್ಲಿ ಮುಗಿಯುತ್ತದೆ ಅಂತ ಮಂಜಿನಲ್ಲಿ ಕಾಣುವುದಿಲ್ಲ. ಎಲ್ಲರನ್ನೂ ಕೂರಿಸಿ ಎಣಿಸಿದೆ. ಒಂದು, ಎರಡು, ಮೂರು ಅಂತ ಅವರವರ ನಂಬರು ಅವರೇ ಕೂಗಬೇಕು. ಅವರಿಗೆ ನಗು. ಸ್ಕೂಲ್ ಪಿಕ್ನಿಕ್ ಅಂತ ಒಬ್ಬಳು ಅಂದಳು.

ನಾನು ನಗುವುದಿಲ್ಲ, ಅದಕ್ಕೆ ಕಾರಣ ಇದೆ. 2014ರ ಜನವರಿಯಲ್ಲಿ, ಗೈಡ್ ಆಗಿ ಇನ್ನೂ ಎರಡು ತಿಂಗಳೂ ಆಗಿರಲಿಲ್ಲ, ಹನ್ನೊಂದು ಕಾಲೇಜು ಮಕ್ಕಳನ್ನು ಕರೆತಂದಿದ್ದೆ. ಬಂಡೆ ಹತ್ತಿರ ಎಣಿಸಿದೆ, ಹನ್ನೊಂದು. ತುದಿಯಲ್ಲಿ ಎಣಿಸಿದೆ, ಹನ್ನೊಂದು. ಹತ್ತು ನಿಮಿಷ ಆದ ಮೇಲೆ ಒಬ್ಬ ಹುಡುಗಿ ತನ್ನ ಗೆಳತಿಯ ಹೆಸರು ಹಿಡಿದು ಕೂಗಿದಳು. ಉತ್ತರ ಇಲ್ಲ. ಮತ್ತೆ ಎಣಿಸಿದೆ, ಹನ್ನೊಂದೇ. ಮೂರನೇ ಸಲ ಎಣಿಸುವಾಗ ನನ್ನ ಬೆರಳು ನನ್ನ ಎದೆಯ ಕಡೆ ತಿರುಗಿದ್ದನ್ನು ನಾನೇ ನೋಡಿದೆ. ನನ್ನನ್ನೂ ಸೇರಿಸಿ ಎಣಿಸುತ್ತಿದ್ದೆ.

ಆ ಹುಡುಗಿ ಶೂ ಲೇಸ್ ಕಟ್ಟಲು ಕಾಡಿನ ಅಂಚಿನಲ್ಲಿ ಕೂತವಳು, ಮಂಜು ಮುಚ್ಚಿದ ಮೇಲೆ ದನದ ದಾರಿ ಹಿಡಿದಿದ್ದಳು. ನಲವತ್ತು ನಿಮಿಷ ಕೂಗಿಕೊಂಡು ಹುಡುಕಿದೆ. ಸಿಕ್ಕಾಗ ಒಂದು ಕಲ್ಲಿನ ಮೇಲೆ ಸುಮ್ಮನೆ ಕೂತು ಕಿತ್ತಳೆ ತಿನ್ನುತ್ತಿದ್ದಳು. "ದಾರಿ ತಪ್ಪಿದ್ರೆ ನಡೀಬೇಡ, ಕೂತ್ಕೋ ಅಂತ ನಮ್ಮಜ್ಜ ಹೇಳಿದ್ರು" ಅಂದಳು. ಆ ಅಜ್ಜನಿಗೆ ನಾನು ಋಣಿ. ಮಕ್ಕಳು ಯಾರಿಗೂ ದೂರು ಹೇಳಲಿಲ್ಲ. ಆ ದಿನದ ಕೊನೆಯ ಕಾಲಮಿನಲ್ಲಿ ನಾನು ಏನೂ ಬರೆಯಲಿಲ್ಲ, ಅದು ಈಗಲೂ ಖಾಲಿ ಇದೆ. ಅವತ್ತಿನಿಂದ ಪ್ರತಿಯೊಬ್ಬರ ಕುತ್ತಿಗೆಗೂ ಒಂದು ಸೀಟಿ. ನಂಬರು ಅವರೇ ಕೂಗಬೇಕು.

ಈ ಭಾನುವಾರ ತುದಿಯಲ್ಲಿ ಇಪ್ಪತ್ತು ನಿಮಿಷ ಕೂತೆವು. ಇನ್ನೊಂದು ಗಂಟೆ ಕಾದರೆ ಮಂಜು ಬಿಡಬಹುದಾ ಅಂತ ನಮ್ಮ ಹುಡುಗ ಕೇಳಿದ. ಬಿಡಬಹುದು, ಬಿಡದೆಯೂ ಇರಬಹುದು. ಆದರೆ ಕೆಳಗೆ ಅವನ ಅಮ್ಮ ಕಾಯುತ್ತಿದ್ದಾರೆ, ಅವರನ್ನು ನಿಧಾನಕ್ಕೆ ಇಳಿಸಬೇಕು, ಸಂಜೆ ತೋಟದ ರಸ್ತೆಯಲ್ಲಿ ಆನೆ ಸಮಯ. ಹೊರಡೋಣ ಅಂದೆ. ಯಾರಿಗೂ ಇಷ್ಟ ಆಗಲಿಲ್ಲ. ಫೋನಿನಲ್ಲಿ ಅವನು ಕೇಳಿದ ಪ್ರಶ್ನೆಗೆ ಉತ್ತರ ಆಗ ಹೊಳೆಯಿತು. ದುಡ್ಡು ಕೊಡುವುದು ಇದಕ್ಕೇ, ಬೇಡದ ಹೊತ್ತಿಗೆ ಏಳಿ ಅನ್ನುವುದಕ್ಕೆ. ಹೇಳಲು ಹೋಗಲಿಲ್ಲ, ಅವನು ಆಗಲೇ ಮುಖ ಊದಿಸಿಕೊಂಡಿದ್ದ.

ಇಳಿಯುವಾಗ ಆ ಬಿಳಿ ಶೂ ಮೂರು ಸಲ ಜಾರಿತು. ಮೂರನೇ ಸಲಕ್ಕೆ ನನ್ನ ಛತ್ರಿ ಅವನ ಕೈಗೆ ಕೊಟ್ಟೆ. "ಮಂಡಲಪಟ್ಟಿಗೇ ಹೋಗ್ಬೇಕಿತ್ತು ಮೇಡಂ, ಜೀಪಲ್ಲೇ ಮೇಲ್ಗಡೆ ತನಕ ಹೋಗ್ಬಹುದಂತೆ" ಅಂದ.

ಹೋಗಬಹುದು. ಗಾಳಿಪಟ ಸಿನಿಮಾ ಬಂದ ಮೇಲೆ ಮುಗಿಲುಪೇಟೆ ಅಂತಲೂ ಕರೆಯುತ್ತಾರೆ. ಆ ಜೀಪಿನ ಕುಲುಕಾಟಕ್ಕೆ ನಿಮ್ಮಮ್ಮನ ಸೊಂಟ ಏನಾಗುತ್ತಿತ್ತೋ ಗೊತ್ತಿಲ್ಲ ಅಂದೆ. ಮಂಡಲಪಟ್ಟಿಯನ್ನು ಬೈಯುವವಳಲ್ಲ ನಾನು. 2021ರ ಆಗಸ್ಟಿನಲ್ಲಿ ಅಲ್ಲೂ ಕೋಟೆಬೆಟ್ಟದಲ್ಲೂ ಕುರಿಂಜಿ ಅರಳಿದಾಗ ಮಗಳನ್ನು ಕರೆದುಕೊಂಡು ಹೋಗಿದ್ದೆ. ಇಡೀ ಇಳಿಜಾರು ನೀಲಿ. ಕೋಟೆಬೆಟ್ಟ ನನಗೆ ಹೆಚ್ಚು ಇಷ್ಟ, ಜನ ಕಡಿಮೆ. ಬ್ರಹ್ಮಗಿರಿ ಅನ್ನುವವರು ಮೊದಲು ಯಾವ ಬ್ರಹ್ಮಗಿರಿ ಅಂತ ಹೇಳಬೇಕು. ತಲಕಾವೇರಿಯಲ್ಲಿ ಒಂದು, ದಕ್ಷಿಣಕ್ಕೆ ಇರ್ಪು ಜಲಪಾತದ ಮೇಲೆ ಕೇರಳದ ಗಡಿಯಲ್ಲಿ ಇನ್ನೊಂದು. ಎರಡನೆಯದಕ್ಕೆ ಹೋಗಬೇಕಾದವರು ಮೊದಲನೆಯದಕ್ಕೆ ಹೋಗಿ ನನಗೆ ಫೋನ್ ಮಾಡಿದ್ದೂ ಇದೆ. ಇನ್ನು ಪುಷ್ಪಗಿರಿ, ಅಂದರೆ ಕುಮಾರಪರ್ವತ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಅಲ್ಲಿ ಸೇರಿದ ಜನದ ವಿಡಿಯೊ ನೀವೂ ನೋಡಿರಬೇಕು, ಬೆಟ್ಟದ ಮೇಲೆ ಜಾತ್ರೆಯ ಕ್ಯೂ. ಆನ್‌ಲೈನ್ ಟಿಕೆಟ್ ಇಲ್ಲದ ಚಾರಣಗಳನ್ನು ನಿಲ್ಲಿಸಿದ್ದು ಅದಾದ ಮೇಲೆಯೇ. ಎಲ್ಲಿಗೇ ಹೋಗಿ, ಟಿಕೆಟ್ ಮಾಡಿಸಿಕೊಂಡು ಬನ್ನಿ. ಚೆಕ್‌ಪೋಸ್ಟಿನಲ್ಲಿ ನಿಂತು ನನ್ನ ಪರಿಚಯದ ಮೇಲೆ ಬಿಡಿಸಿ ಅಂತ ಕೇಳಬೇಡಿ.

ಮಳೆಗಾಲದಲ್ಲಿ ಈಗ ನಾನು ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ, ಬಿಟ್ಟರೂ ಸರಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಜರಿದದ್ದು, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಅರ್ಚಕರ ಮನೆಯೇ ಹೋದದ್ದು, ಇದೆಲ್ಲ ಆದ ಮೇಲೆ ಮಳೆಯಲ್ಲಿ ಇಳಿಜಾರು ನೋಡಿದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ಬೆಟ್ಟ ಅಂದರೆ ಗಟ್ಟಿ ಅಂತ ಚಿಕ್ಕಂದಿನಲ್ಲಿ ಅಂದುಕೊಂಡಿದ್ದೆ.

ಬಂಡೆ ಹತ್ತಿರ ಬಂದಾಗ ಒಂದೂವರೆ. ಅಲ್ಲಿ ಬಿಸಿಲು! ನಮ್ಮ ತಲೆಯ ಮೇಲಿದ್ದ ಮೋಡ ತುದಿಯನ್ನು ಮಾತ್ರ ಹಿಡಿದು ಕೂತಿತ್ತು, ಕೆಳಗೆ ಕಣಿವೆ ಪೂರ್ತಿ ತೆರೆದುಕೊಂಡಿತ್ತು. ಆ ಅಮ್ಮ ಶೂ ಬಿಚ್ಚಿಟ್ಟು, ಕಾಲು ಚಾಚಿ, ಹರಿಯ ಟವೆಲನ್ನು ತಲೆಗೆ ಹಾಕಿಕೊಂಡು ಕೂತಿದ್ದರು. ನಾನು ಕಟ್ಟಿಕೊಟ್ಟಿದ್ದ ಅಕ್ಕಿರೊಟ್ಟಿಯಲ್ಲಿ ಎರಡು ಖಾಲಿ.

"ಎಲ್ಲಿ ಹೋಗಿದ್ರೋ ಇಷ್ಟು ಹೊತ್ತು? ಒಂದು ಹದ್ದು ಬಂದಿತ್ತು ಕಣೋ. ರೆಕ್ಕೆನೇ ಆಡಿಸ್ದೆ ಇಲ್ಲೇ, ನನ್ನ ಮುಖದ ಎತ್ತರಕ್ಕೆ ನಿಂತಿತ್ತು. ಅದರ ಬೆನ್ನು ನೋಡಿದೆ ನಾನು. ಹದ್ದಿನ ಬೆನ್ನು ಯಾರು ನೋಡಿರ್ತಾರೆ?"

ಹರಿ ಅವರದೇ ಫೋನಿನಲ್ಲಿ ತೆಗೆದ ಫೋಟೊ ತೋರಿಸಿದ. ಅದರಲ್ಲಿ ಹದ್ದು ಇರಲಿಲ್ಲ, ಅದು ಹೋದ ಮೇಲೆ ತೆಗೆದದ್ದು. ಅಮ್ಮ ಇದ್ದರು, ಹಿಂದೆ ಹಸಿರು ಮೆಟ್ಟಿಲುಗಳ ಹಾಗೆ ಇಳಿದುಹೋದ ಬೆಟ್ಟಗಳು, ಕೆಳಗೆ ತೋಟ. ಮಗ ಅದನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ತುಂಬಾ ಹೊತ್ತು ನೋಡಿದ. ಆಮೇಲೆ ತನ್ನ ಫೋನಿಗೆ ಕಳಿಸಿಕೊಂಡ. ದುಡ್ಡಿನ ವಿಷಯ ಎತ್ತಲಿಲ್ಲ. ಅರಮನೆ ಹತ್ತಿರ ಬಾಟಲಿ ಲೆಕ್ಕ ಕೊಡುವಾಗ ಒಂದು ಚಿಪ್ಸ್ ಪ್ಯಾಕೆಟ್ ಕಡಿಮೆ ಬಂತು. ತನ್ನದೇ ಜೇಬಿನಲ್ಲಿತ್ತು ಅಂತ ತೆಗೆದುಕೊಟ್ಟ.

ಆ ಅಮ್ಮ ಮಾತ್ರ ಇಳಿಯುವ ದಾರಿಯುದ್ದಕ್ಕೂ ನನ್ನ ತೋಳು ಹಿಡಿದಿದ್ದರು. ತೋಟದ ರಸ್ತೆಗೆ ಬಂದ ಮೇಲೆ, ನಾನು ಕೇಳದೆಯೇ, ಒಮ್ಮೆ ನಿಂತರು.

"ಸಾಸಿವೆಗೆ ನಿಲ್ಸಿದ್ದೆ ಅಲ್ವಾ? ಅದಾದ್ಮೇಲೆ ಕರಿಬೇವು. ಒಲೆ ಆರಿಸಿದ ಮೇಲೆ ಹಾಕಿ, ಆ ಬಿಸಿಗೇ ಗರಿಗರಿ ಆಗುತ್ತೆ. ಇಂಗು ಕೊನೆಗೆ. ಬರ್ಕೊಳ್ಳಿ, ಮರ್ತು ಹೋಗ್ತೀರಿ."

ಪುಸ್ತಕ ತೆಗೆದು, ಆ ದಿನದ ಕೊನೆಯ ಕಾಲಮಿನಲ್ಲಿ "ಮ" ಅಂತ ಬರೆದು, ಅದರ ಪಕ್ಕದಲ್ಲೇ ಬರೆದುಕೊಂಡೆ.